ತಾರಸಿ ಸೋಲಾರ್‌ನಲ್ಲಿ ಕಾರು ಚಾರ್ಜ್ ಮಾಡುವುದು: ಲೆಕ್ಕದಿಂದ ಸೆಟ್ಟಿಂಗ್‌ವರೆಗೆ

"ಕಾರಿನ ಬ್ಯಾಟರಿ 40 ಯೂನಿಟ್‌ನದು, ಅದನ್ನು ತುಂಬಿಸಲು ತಾರಸಿ ಮೇಲೆ ಎಷ್ಟು ಪ್ಯಾನೆಲ್ ಹಾಕಿಸಬೇಕು?" ಎಂದು ಕೇಳುವವರೇ ಹೆಚ್ಚು. ಬ್ಯಾಟರಿಯ ಗಾತ್ರಕ್ಕೂ ಪ್ಯಾನೆಲ್ ಸಂಖ್ಯೆಗೂ ನೇರ ಸಂಬಂಧವಿಲ್ಲ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಬಿಸಿಲಿರುವ ಹೊತ್ತಿನಲ್ಲಿ ಕಾರು ಮನೆಯಲ್ಲಿ ನಿಂತಿರುತ್ತದೆಯೇ, ಮನೆಯ ಬಳಕೆ ಕಳೆದು ಎಷ್ಟು ವ್ಯಾಟ್ ಉಳಿಯುತ್ತದೆ, ನೋಡಬೇಕಾದ್ದು ಈ ಮೂರನ್ನು. ಮೊದಲ ಎರಡನ್ನು ಹೆಚ್ಚಿನವರು ತಾವಾಗಿಯೇ ಯೋಚಿಸಿರುತ್ತಾರೆ. ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ, ಕೈಕೊಡುವುದು ಅದೇ.

ಕಿಲೋಮೀಟರ್‌ನಿಂದ ಯೂನಿಟ್‌ಗೆ

ಸಣ್ಣ ಎಲೆಕ್ಟ್ರಿಕ್ ಕಾರು 100 ಕಿ.ಮೀ.ಗೆ 12ರಿಂದ 15 ಯೂನಿಟ್ ತಿನ್ನುತ್ತದೆ, ದೊಡ್ಡ ಕಾರು 16ರಿಂದ 20. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಅವರ್, ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಜಾಹೀರಾತಿನಲ್ಲಿ ಹೇಳಿದ ಮೈಲೇಜ್ ಬಿಟ್ಟು ಕಾರಿನ ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ತೆಗೆದುಕೊಳ್ಳಿ. ದಿನಕ್ಕೆ 40 ಕಿ.ಮೀ., 100 ಕಿ.ಮೀ.ಗೆ 15 ಯೂನಿಟ್ ಎಂದುಕೊಂಡರೆ ಬ್ಯಾಟರಿಯಿಂದ ಹೋಗುವುದು 6 ಯೂನಿಟ್. ಚಾರ್ಜ್ ಮಾಡುವಾಗ ಆಗುವ ನಷ್ಟ ಸುಮಾರು 15% ಸೇರಿಸಿದರೆ ಗೋಡೆಯಿಂದ ಎಳೆಯಬೇಕಾದ್ದು 7 ಯೂನಿಟ್.

ಒಳ್ಳೆಯ ಬಿಸಿಲಿನ ಪ್ರದೇಶದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಮೋಡ ಜಾಸ್ತಿ ಇರುವ ಕಡೆ 2.5ರಿಂದ 3. ಅಂದರೆ 7 ಯೂನಿಟ್‌ಗೆ 1.75 ಕಿಲೋವ್ಯಾಟ್ ಪ್ಯಾನೆಲ್ ಸಾಕು. ಈಗ ಸಿಗುವ 540 ವ್ಯಾಟ್‌ನ ಪ್ಯಾನೆಲ್ ಆದರೆ ನಾಲ್ಕು. ಒಂದೊಂದಕ್ಕೆ ಸುಮಾರು 2.6 ಚದರ ಮೀಟರ್ ಜಾಗ, ನಡುವೆ ಓಡಾಡುವ ಜಾಗ ಬೇರೆ.

ಕಾಗದದ ಮೇಲೆ ಲೆಕ್ಕ ಇಲ್ಲಿಗೆ ಮುಗಿಯಿತು. ಆದರೆ ಈ ನಾಲ್ಕು ಪ್ಯಾನೆಲ್ ಕೂರಿಸಿ, ಉಳಿಕೆ ಸೋಲಾರ್‌ನಿಂದ ಮಾತ್ರ ಚಾರ್ಜ್ ಆಗಲಿ ಎಂದು ಸೆಟ್ ಮಾಡಿದರೆ, ಕಾರು ಹೆಚ್ಚಿನ ದಿನ ಚಾರ್ಜ್ ಆಗುವುದೇ ಇಲ್ಲ.

6 ಆಂಪಿಯರ್‌ನ ಹೊಸ್ತಿಲು

ಮನೆಗೆ ಬರುವ ಎಸಿ ಕರೆಂಟಿನಲ್ಲಿ ಕಾರು ಚಾರ್ಜ್ ಮಾಡುವುದಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 61851. ಅದರ ಪ್ರಕಾರ ಗೋಡೆಯ ಮೇಲಿನ ಪೆಟ್ಟಿಗೆ ಕಾರಿಗೆ "ಇಷ್ಟು ಆಂಪಿಯರ್ ತನಕ ಎಳೆದುಕೊಳ್ಳಬಹುದು" ಎಂದು ಕಂಟ್ರೋಲ್ ಪೈಲಟ್ ಎಂಬ ತಂತಿಯ ಮೂಲಕ ಹೇಳುತ್ತದೆ. ಅದು ಸೆಕೆಂಡಿಗೆ 1000 ಸಲ ಬಡಿಯುವ ಚೌಕ ಅಲೆ. ಅಲೆ ಎಷ್ಟು ಶೇಕಡಾ ಹೊತ್ತು ಮೇಲಿರುತ್ತದೆಯೋ ಅದನ್ನು 0.6ರಿಂದ ಗುಣಿಸಿದರೆ ಆಂಪಿಯರ್ ಸಿಗುತ್ತದೆ. 10% ಎಂದರೆ 6 ಆಂಪಿಯರ್. ಅದಕ್ಕಿಂತ ಕಡಿಮೆ ಹೇಳುವ ವ್ಯವಸ್ಥೆ ಈ ಸಂಕೇತದಲ್ಲಿ ಇಲ್ಲ. 5 ಆಂಪಿಯರ್‌ನಲ್ಲಿ ಚಾರ್ಜ್ ಮಾಡು ಎಂದು ಕಾರಿಗೆ ಹೇಳಲು ಬರುವುದಿಲ್ಲ. 6 ಅಥವಾ ಸೊನ್ನೆ.

230 ವೋಲ್ಟ್‌ನ ಮನೆಯಲ್ಲಿ ಇದು ಹೀಗಾಗುತ್ತದೆ:

ಸಿಂಗಲ್ ಫೇಸ್ 6 ಆಂಪಿಯರ್: 1.38 ಕಿಲೋವ್ಯಾಟ್
ಸಿಂಗಲ್ ಫೇಸ್ 10 ಆಂಪಿಯರ್: 2.3 ಕಿಲೋವ್ಯಾಟ್
ಸಿಂಗಲ್ ಫೇಸ್ 16 ಆಂಪಿಯರ್: 3.68 ಕಿಲೋವ್ಯಾಟ್
ಸಿಂಗಲ್ ಫೇಸ್ 32 ಆಂಪಿಯರ್: 7.36 ಕಿಲೋವ್ಯಾಟ್
ತ್ರೀ ಫೇಸ್ 6 ಆಂಪಿಯರ್: 4.14 ಕಿಲೋವ್ಯಾಟ್
ತ್ರೀ ಫೇಸ್ 16 ಆಂಪಿಯರ್: 11 ಕಿಲೋವ್ಯಾಟ್

ಈಗ ಆ ನಾಲ್ಕು ಪ್ಯಾನೆಲ್‌ಗೆ ಬನ್ನಿ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಬಿಸಿಲಲ್ಲಿ ಕಾದ ಪ್ಯಾನೆಲ್‌ನ ಒಳಗೆ 60–65 ಡಿಗ್ರಿ ಇರುತ್ತದೆ, ಪ್ರತಿ ಡಿಗ್ರಿಗೂ 0.3ರಿಂದ 0.4% ಉತ್ಪಾದನೆ ಇಳಿಯುತ್ತದೆ. ಧೂಳು, ವೈರ್, ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಮಾಡುವ ಪೆಟ್ಟಿಗೆ) ನಷ್ಟ ಎಲ್ಲ ಸೇರಿ ನೆತ್ತಿ ಬಿಸಿಲಿನಲ್ಲಿ ಇನ್ವರ್ಟರ್‌ನಿಂದ ಹೊರಬರುವುದು ಬರೆದದ್ದರ 75–80%. 1.75 ಕಿಲೋವ್ಯಾಟ್ ಎಂಬುದು 1.35ರ ಸುತ್ತಮುತ್ತ ನಿಲ್ಲುತ್ತದೆ. ನಾಲ್ಕು ಪ್ಯಾನೆಲ್‌ಗೆ ಪೂರ್ತಿ 2.16 ಎಂದು ಹಿಡಿದರೂ 1.6–1.7. ಅದರಲ್ಲಿ ಫ್ರಿಜ್, ಫ್ಯಾನ್, ರೂಟರ್, ಟಿವಿ ಎಂದು ಮನೆ 300–400 ವ್ಯಾಟ್ ತಿಂದ ಮೇಲೆ 1.38ರ ಹೊಸ್ತಿಲು ದಾಟುವುದು ನಡುಮಧ್ಯಾಹ್ನ ಸ್ವಲ್ಪ ಹೊತ್ತು, ಅದೂ ಮೋಡವೇ ಇಲ್ಲದ ದಿನ.

ಅದೇ 3 ಕಿಲೋವ್ಯಾಟ್ ಪ್ಯಾನೆಲ್ ಇದ್ದರೆ ಮಧ್ಯಾಹ್ನ 2.3 ಬರುತ್ತದೆ, ಮನೆಯದು ಕಳೆದು 1.9 ಉಳಿಯುತ್ತದೆ, ನಾಲ್ಕು ಗಂಟೆ ಆಸುಪಾಸು ಹೊಸ್ತಿಲಿಗಿಂತ ಮೇಲೇ ಇರುತ್ತದೆ. ನಮಗೆ ಬೇಕಾದ 6–7 ಯೂನಿಟ್ ಅಷ್ಟರಲ್ಲಿ ಸಿಗುತ್ತದೆ. ಆದ್ದರಿಂದ ಸಿಂಗಲ್ ಫೇಸ್ ಮನೆಗೆ ನಮ್ಮ ಸಲಹೆ: ಕಿಲೋಮೀಟರ್ ಲೆಕ್ಕ ಏನೇ ಹೇಳಲಿ, ಬಿಸಿಲು ಹಿಂಬಾಲಿಸುವ ಚಾರ್ಜಿಂಗ್ ಬೇಕೆಂದರೆ 3 ಕಿಲೋವ್ಯಾಟ್‌ಗಿಂತ ಕಡಿಮೆ ಪ್ಯಾನೆಲ್‌ನಲ್ಲಿ ಆ ತಾಪತ್ರಯಕ್ಕೆ ಹೋಗಬೇಡಿ. ಜಾಗವಿದ್ದರೆ 5 ಕಿಲೋವ್ಯಾಟ್ ಹಾಕಿಸಿ. ಹದವಾದ ಮೋಡದ ದಿನವೂ ಚಾರ್ಜ್ ನಡೆಯುತ್ತದೆ.

ತ್ರೀ ಫೇಸ್‌ನಲ್ಲಿ ಹೊಸ್ತಿಲು 4.14 ಕಿಲೋವ್ಯಾಟ್‌ಗೆ ಏರುತ್ತದೆ. ಕಾರು ತ್ರೀ ಫೇಸ್ ತೆಗೆದುಕೊಳ್ಳುವಂಥದ್ದಾದರೆ, ಅಗತ್ಯ ಬಿದ್ದಾಗ ಒಂದೇ ಫೇಸ್‌ಗೆ ಇಳಿಯಬಲ್ಲ ಚಾರ್ಜರ್ ಕೊಳ್ಳಿ. ಅದು 1.4ರಿಂದ 11 ಕಿಲೋವ್ಯಾಟ್ ತನಕ ಹೆಚ್ಚುಕಡಿಮೆ ಎಲ್ಲ ಮಟ್ಟದಲ್ಲೂ ಕೆಲಸ ಮಾಡುತ್ತದೆ. ಫೇಸ್ ಬದಲಿಸುವ ಮೊದಲು ಚಾರ್ಜಿಂಗ್ ಪೂರ್ತಿ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, ಮತ್ತೆ ಶುರುಮಾಡುವ ಯಂತ್ರವೇ ಆಗಬೇಕು. ಓಡುತ್ತಿರುವಾಗಲೇ ಫೇಸ್ ಕಡಿದು ಜೋಡಿಸುವ ಸ್ವಂತ ಉಪಾಯಗಳಿಂದ ಕಾರಿನೊಳಗಿನ ಚಾರ್ಜರ್ ಸುಟ್ಟುಹೋಗಬಹುದು.

ಪ್ಯಾನೆಲ್ ಯಾವ ಕಡೆ ನೋಡಬೇಕು

ಸಮಭಾಜಕ ವೃತ್ತದ ಕಡೆಗೆ ಮುಖ, ಓರೆ ಆ ಊರಿನ ಅಕ್ಷಾಂಶದಷ್ಟು; ವರ್ಷದ ಒಟ್ಟು ಯೂನಿಟ್ ಹೆಚ್ಚು ಬರುವುದು ಹೀಗೆ. ಕಾರು ಸಂಜೆ 4ಕ್ಕೆ ಮನೆಗೆ ಬರುವುದಾದರೆ ಕೆಲವು ಪ್ಯಾನೆಲ್‌ಗಳನ್ನು ಪಶ್ಚಿಮಕ್ಕೆ ತಿರುಗಿಸುವುದು ಉಪಯೋಗ. ಆದರೆ ಪೂರ್ವ-ಪಶ್ಚಿಮ ಹಂಚಿದಾಗ ಉತ್ಪಾದನೆ ದಿನವಿಡೀ ಹರಡಿಕೊಂಡು ಮಧ್ಯಾಹ್ನದ ಶಿಖರ ತಗ್ಗುತ್ತದೆ, ಮತ್ತೆ ಅದೇ ಹೊಸ್ತಿಲಿನ ತೊಂದರೆ. 5 ಕಿಲೋವ್ಯಾಟ್‌ಗಿಂತ ಚಿಕ್ಕ ವ್ಯವಸ್ಥೆಯನ್ನು ಹಂಚಬೇಡಿ. ನೀರಿನ ಟ್ಯಾಂಕ್‌ನ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಸರಣಿಯಲ್ಲಿ ಜೋಡಿಸಿದ ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು ಬೀಳುತ್ತದೆ. ಬೆಳಗ್ಗೆ 10ರಿಂದ 3ರ ನಡುವೆ ನೆರಳು ಎಲ್ಲಿ ಓಡಾಡುತ್ತದೆ ಎಂದು ಒಂದು ದಿನ ತಾರಸಿ ಹತ್ತಿ ನೋಡಿ.

ವಾರದ ದಿನಗಳಲ್ಲಿ ಕಾರು ಕಚೇರಿಯಲ್ಲೇ ನಿಲ್ಲುವುದಾದರೆ ರಜೆಯ ಎರಡು ದಿನ ಸಿಗುತ್ತದೆ. 5 ಕಿಲೋವ್ಯಾಟ್ ಪ್ಯಾನೆಲ್‌ನ ದಿನದ 20 ಯೂನಿಟ್‌ನಲ್ಲಿ ಮನೆಯದೂ ಹೊಸ್ತಿಲ ಕೆಳಗೆ ಹೋದದ್ದೂ ಕಳೆದು 12–13 ಕಾರಿಗೆ ಸಿಕ್ಕರೆ, ಎರಡು ದಿನಕ್ಕೆ 25. ನಷ್ಟ ಕಳೆದು ಸುಮಾರು 140 ಕಿ.ಮೀ. ವಾರದ ಓಡಾಟ ಅಷ್ಟರೊಳಗಿದ್ದರೆ ಸಾಕು. ದೊಡ್ಡ ಬ್ಯಾಟರಿ ಕೆಲಸಕ್ಕೆ ಬರುವುದು ಇಂಥಲ್ಲಿ.

ಬಿಸಿಲು ಹಿಂಬಾಲಿಸುವುದು ನಿಜಕ್ಕೂ ಬೇಕೇ?

ನಿಮ್ಮ ವಿದ್ಯುತ್ ಕಂಪನಿಯ ಲೆಕ್ಕ ಹೇಗೆ ಎಂದು ಮೊದಲು ತಿಳಿದುಕೊಳ್ಳಿ. ಹೊರಗೆ ಕಳಿಸಿದ ಒಂದು ಯೂನಿಟ್‌ಗೆ ಪ್ರತಿಯಾಗಿ ಒಂದು ಯೂನಿಟ್ ಪೂರ್ತಿ ಕಳೆಯುವ ನೆಟ್ ಮೀಟರಿಂಗ್ ಇದ್ದರೆ, ಹಗಲು ಚಾರ್ಜ್ ಮಾಡಿದರೂ ರಾತ್ರಿ ಮಾಡಿದರೂ ಬಿಲ್ ಒಂದೇ. ಆಗ ದುಬಾರಿ ಸ್ಮಾರ್ಟ್ ಚಾರ್ಜರ್, ಸೆನ್ಸರ್, ಆ್ಯಪ್ ಯಾವುದೂ ಬೇಡ. ಮಾಮೂಲಿ ಚಾರ್ಜರ್ ಹಾಕಿ ನಿಶ್ಚಿಂತೆಯಿಂದಿರಿ. ಕಳಿಸುವ ಯೂನಿಟ್‌ಗೆ ಕೊಳ್ಳುವ ಯೂನಿಟ್‌ಗಿಂತ ಬಹಳ ಕಡಿಮೆ ಬೆಲೆ ಕೊಡುತ್ತಾರೆ, ಅಥವಾ ಹೊರಗೆ ಕಳಿಸಲು ಬಿಡುವುದೇ ಇಲ್ಲ ಎಂದಾದರೆ ಮಾತ್ರ ಮುಂದಿನ ಸಾಹಸಕ್ಕೆ ಅರ್ಥವಿದೆ. ರಾತ್ರಿಯ ದರ ತೀರ ಅಗ್ಗವಿದ್ದರೂ ಒಮ್ಮೆ ಯೋಚಿಸಿ: ಹಗಲು ಸೋಲಾರ್ ಮಾರಿ ರಾತ್ರಿ ಗ್ರಿಡ್‌ನಿಂದ ತುಂಬಿಸುವುದೇ ಲಾಭವಾಗಬಹುದು.

ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಮುಗಿಸಿಬಿಡೋಣ. ಪ್ಯಾನೆಲ್‌ನ ಡಿಸಿ ಕರೆಂಟನ್ನು ನೇರವಾಗಿ ಕಾರಿನ ಡಿಸಿ ಬಾಯಿಗೆ ಕೊಡಲು ಸಾಧ್ಯವಿಲ್ಲ. ಆ ಬಾಯಿ ತೆರೆಯಬೇಕಾದರೆ ಕಾರು ಮತ್ತು ಫಾಸ್ಟ್ ಚಾರ್ಜರ್ ನಡುವೆ ಡಿಜಿಟಲ್ ಮಾತುಕತೆ ನಡೆಯಬೇಕು, ವೋಲ್ಟೇಜ್ ಕಾರು ಕೇಳಿದಷ್ಟೇ ಇರಬೇಕು. ಮನೆಯಲ್ಲಿ ಪ್ಯಾನೆಲ್, ಇನ್ವರ್ಟರ್, ಮನೆಯ ಬೋರ್ಡ್, ಚಾರ್ಜರ್, ಕಾರು ಎಂಬ ಎಸಿ ದಾರಿಯೇ ಸರಿ.

ಮೂರು ದಾರಿ

ಅತಿ ಸರಳವಾದದ್ದು ಟೈಮರ್. ಕಾರಿನ ಜೊತೆ ಬರುವ ಪೋರ್ಟಬಲ್ ಕೇಬಲ್‌ನಲ್ಲಿ ಅಥವಾ ಕಾರಿನ ಪರದೆಯಲ್ಲಿ ಆಂಪಿಯರ್ ಇಳಿಸುವ ಸೌಲಭ್ಯ ಇದ್ದರೆ 6 ಅಥವಾ 8ಕ್ಕೆ ಇಡಿ, ಹೊತ್ತನ್ನು ಬೆಳಗ್ಗೆ 10:30ರಿಂದ ಮಧ್ಯಾಹ್ನ 3ಕ್ಕೆ ಇಡಿ. ಮೋಡ ಬಂದಾಗ ಕೊರತೆಯಷ್ಟು ಗ್ರಿಡ್‌ನಿಂದ ಬರುತ್ತದೆ, ಅಷ್ಟೇ. ಬಿಸಿಲು ನಂಬಬಹುದಾದ ತಿಂಗಳುಗಳಲ್ಲಿ ಸ್ಮಾರ್ಟ್ ಚಾರ್ಜರ್ ಮಾಡುವ ಕೆಲಸದ ಬಹುಪಾಲನ್ನು ಇದು ಖರ್ಚಿಲ್ಲದೆ ಮಾಡುತ್ತದೆ. ಹೊಸದಾಗಿ ಶುರುಮಾಡುವವರು ಎರಡು-ಮೂರು ತಿಂಗಳು ಹೀಗೇ ನಡೆಸಿ, ಎಷ್ಟು ಯೂನಿಟ್ ಹೊರಗೆ ಹೋಗುತ್ತಿದೆ ಎಂದು ನೋಡಿ ಆಮೇಲೆ ಮುಂದಿನದನ್ನು ಕೊಳ್ಳುವುದು ಜಾಣತನ.

ಎರಡನೆಯದು, ಸೋಲಾರ್ ಮೋಡ್ ಇರುವ ಗೋಡೆ ಚಾರ್ಜರ್. ಮೇನ್ ಮೀಟರ್ ಪಕ್ಕದಲ್ಲಿ ಒಂದು ಸಿಟಿ ಕ್ಲಾಂಪ್ (ತಂತಿಯನ್ನು ಬಳೆಯಂತೆ ಸುತ್ತಿ ಅದರಲ್ಲಿ ಹರಿಯುವ ಕರೆಂಟ್ ಅಳೆಯುವ ಸೆನ್ಸರ್) ಅಥವಾ ಎನರ್ಜಿ ಮೀಟರ್ ಕೂರಿಸುತ್ತಾರೆ. ಹೊರಗೆ ಹೋಗುತ್ತಿರುವ ವ್ಯಾಟ್ ಅಳೆದು, ಕೆಲವು ಸೆಕೆಂಡಿಗೊಮ್ಮೆ ಕಾರಿನ ಆಂಪಿಯರ್ ಏರಿಸಿ ಇಳಿಸುತ್ತದೆ.

ಮೂರನೆಯದು ಸಾಫ್ಟ್‌ವೇರ್. ಇವಿಸಿಸಿ ಎಂಬ ಮುಕ್ತ ತಂತ್ರಾಂಶ, ಓಪನ್‌ಇವಿಎಸ್‌ಇ ಚಾರ್ಜರ್‌ನ ಡೈವರ್ಟ್ ಮೋಡ್, ಹೋಮ್ ಅಸಿಸ್ಟೆಂಟ್‌ನ ಆಟೊಮೇಷನ್ ಇವೆಲ್ಲ ಇನ್ವರ್ಟರ್‌ನಿಂದ ಅಂಕಿ ಓದಿ ಚಾರ್ಜರ್‌ಗೆ ಆಜ್ಞೆ ಕೊಡುತ್ತವೆ. ಇದಕ್ಕೆ ಇನ್ವರ್ಟರ್‌ನಲ್ಲಿ ಮಾಡ್‌ಬಸ್, ಚಾರ್ಜರ್‌ನಲ್ಲಿ ಮಾಡ್‌ಬಸ್ ಅಥವಾ ಒಸಿಪಿಪಿ ಸೌಲಭ್ಯ ಇರಬೇಕು. ಇವೆರಡೂ ಯಂತ್ರಗಳು ತಮ್ಮೊಳಗೆ ಮಾತಾಡಿಕೊಳ್ಳುವ ಭಾಷೆಗಳು. ಕ್ಲೌಡ್ ಮೂಲಕ ಓದುವುದಾದರೆ ಅಂಕಿ ಐದು ನಿಮಿಷ ಹಳತಾಗಿರಬಹುದು. ಅಷ್ಟರಲ್ಲಿ ಮೋಡ ಬಂದು ಹೋಗಿರುತ್ತದೆ. ಮನೆಯ ನೆಟ್‌ವರ್ಕ್ ಒಳಗೇ ಓದುವಂತಿರಲಿ.

ಯಾವುದೇ ಚಾರ್ಜರ್ ಕೊಳ್ಳುವ ಮೊದಲು ಕಾರಿನ ಒಳಗಿನ ಚಾರ್ಜರ್ ಎಷ್ಟರದು ಎಂದು ಕೈಪಿಡಿಯಲ್ಲಿ ನೋಡಿ. ಎಸಿಯನ್ನು ಡಿಸಿ ಮಾಡುವುದು ಅದೇ. ಅದು 3.3 ಕಿಲೋವ್ಯಾಟ್‌ನದಾದರೆ ಗೋಡೆಗೆ 22 ಕಿಲೋವ್ಯಾಟ್ ಪೆಟ್ಟಿಗೆ ಹಾಕಿದರೂ ಕಾರಿಗೆ ಹೋಗುವುದು 3.3 ಮಾತ್ರ.

ವೈರಿಂಗ್: ಇಲ್ಲಿ ಜಿಪುಣತನ ಬೇಡ

ಮಿಕ್ಸಿ, ಇಸ್ತ್ರಿಪೆಟ್ಟಿಗೆ ಪೂರ್ತಿ ಲೋಡ್‌ನಲ್ಲಿ ಕೆಲವೇ ನಿಮಿಷ ಓಡುತ್ತವೆ. ಕಾರು ಐದಾರು ಗಂಟೆ ಬಿಡದೆ ಎಳೆಯುತ್ತದೆ. ಮನೆಯ ಹಳೆಯ ವೈರಿಂಗ್ ತಡೆದುಕೊಳ್ಳದಿರುವುದು ಇದನ್ನೇ. ಕೆಳಗಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು. ಅವರು ಏನು ಹಾಕುತ್ತಿದ್ದಾರೆ ಎಂದು ಪರಿಶೀಲಿಸುವುದು ನಿಮ್ಮದು.

ಮೇನ್ ಬೋರ್ಡ್‌ನಿಂದ ಚಾರ್ಜರ್‌ಗೆ ಪ್ರತ್ಯೇಕ ಲೈನ್ ಎಳೆಸಿ, ಮಧ್ಯೆ ಬೇರೆ ಯಾವ ಸಾಕೆಟ್ಟೂ ಬೇಡ. 16 ಆಂಪಿಯರ್ ಚಾರ್ಜರ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ. 32 ಆಂಪಿಯರ್‌ಗೆ 40ರ ಎಂಸಿಬಿ, ವೈರ್ ಕನಿಷ್ಠ 6 ಚದರ ಮಿ.ಮೀ. ಪೈಪಿನೊಳಗೆ ಹೋಗುವ 6ರ ವೈರ್ ಬಿಸಿ ಜಾಗದಲ್ಲಿ 40 ಆಂಪಿಯರ್ ತಡೆಯುವುದಿಲ್ಲ, ಎಂಸಿಬಿ ಬೀಳುವ ಮೊದಲು ವೈರೇ ಬಿಸಿಯೇರುತ್ತದೆ. ಹಾಗಾಗಿ ಬಿಸಿಲು ಬಡಿಯುವ ಗೋಡೆ, ಪೈಪ್, 20 ಮೀಟರ್‌ಗಿಂತ ಉದ್ದ, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ 10 ಚದರ ಮಿ.ಮೀ. ಹಾಕಿಸಿ. 25 ಮೀಟರ್ ದೂರಕ್ಕೆ 32 ಆಂಪಿಯರ್ ಹೋಗುವಾಗ 6ರ ವೈರ್‌ನಲ್ಲಿ ಸುಮಾರು 5.8 ವೋಲ್ಟ್ ಇಳಿದು 185 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ, 10ರದ್ದರಲ್ಲಿ 3.5 ವೋಲ್ಟ್, 110 ವ್ಯಾಟ್.

ಕರೆಂಟ್ ಸೋರಿದಾಗ ತಾನೇ ಬೀಳುವ ಸ್ವಿಚ್ ಆರ್‌ಸಿಸಿಬಿ. ಅದರ ವಿಷಯದಲ್ಲಿ ಅಂಗಡಿಯವರೂ ಎಡವುತ್ತಾರೆ. ಮನೆಗಳಲ್ಲಿ ಸಾಮಾನ್ಯವಾಗಿರುವ ಟೈಪ್ ಎಸಿ ಇಲ್ಲಿ ಆಗದು. ಕಾರಿನ ಎಲೆಕ್ಟ್ರಾನಿಕ್ಸ್ ಕೆಟ್ಟಾಗ ಸೋರುವುದು ಡಿಸಿ ಕರೆಂಟ್ ಆಗಿರಬಹುದು. ಅದು ಆರ್‌ಸಿಸಿಬಿಯ ಕಾಂತೀಯ ತಿರುಳನ್ನು ಮರಗಟ್ಟಿಸಿ, ನಿಜವಾಗಿ ಶಾಕ್ ಹೊಡೆಯುವಾಗಲೂ ಬೀಳದಂತೆ ಮಾಡುತ್ತದೆ. 6 ಮಿಲಿಆಂಪಿಯರ್ ಡಿಸಿ ಸೋರಿಕೆ ಪತ್ತೆ ಚಾರ್ಜರ್ ಒಳಗೇ ಇದ್ದರೆ 30 ಮಿಲಿಆಂಪಿಯರ್‌ನ ಟೈಪ್ ಎ ಸಾಕು. ಇಲ್ಲದಿದ್ದರೆ ಟೈಪ್ ಬಿ. ಚಾರ್ಜರ್‌ನ ಲೈನ್ ಮನೆಯ ಹಳೆಯ ಆರ್‌ಸಿಸಿಬಿಯ ಹಿಂದೆ ಬರದಂತೆ, ಮೇನ್ ಸ್ವಿಚ್‌ನಿಂದ ನೇರವಾಗಿ ತೆಗೆಯಬೇಕು.

ಅರ್ತಿಂಗ್ ಸರಿಯಿಲ್ಲದಿದ್ದರೆ ಒಳ್ಳೆಯ ಚಾರ್ಜರ್ ಶುರುವೇ ಆಗುವುದಿಲ್ಲ, ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಆ ದೀಪ ಹೋಗಲೆಂದು ನ್ಯೂಟ್ರಲ್ ಮತ್ತು ಅರ್ತ್ ತಂತಿಯನ್ನು ಪ್ಲಗ್ಗಿನಲ್ಲೇ ಸೇರಿಸಿಬಿಡುವ ವೈರ್‌ಮ್ಯಾನ್‌ಗಳಿದ್ದಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಕಾರಿನ ಮೈಯೇ 230 ವೋಲ್ಟ್ ಆಗುತ್ತದೆ. ಅಂಥವರನ್ನು ಅಲ್ಲಿಂದಲೇ ಕಳಿಸಿ. ಲೋಡ್ ಇರುವಾಗ ನ್ಯೂಟ್ರಲ್-ಅರ್ತ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದರೆ 2–3 ವೋಲ್ಟ್‌ಗಿಂತ ಹೆಚ್ಚಿರಬಾರದು. ಕಂಪನಿಯ ಲೈನಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಒಂದೇ ತಂತಿಯಾಗಿ ಬರುವ ಮನೆಗಳಲ್ಲಿ ಕಾರಿಗಾಗಿಯೇ ಬೇರೆ ಅರ್ತ್ ರಾಡ್, ಇಲ್ಲವೇ ಆ ತಂತಿ ಕಡಿದರೆ ಗುರುತಿಸಿ ಸಂಪರ್ಕ ಬಿಡಿಸುವ ಚಾರ್ಜರ್ ಬೇಕು.

ಕೀಲುಗಳ ಬಿಗಿ ಬಗ್ಗೆ ಒಂದು ಲೆಕ್ಕ ಕೊಟ್ಟರೆ ಸಾಕು. ಸಡಿಲ ಸ್ಕ್ರೂವಿನಲ್ಲಿ 0.05 ಓಮ್ ತಡೆ ಇದೆ ಎನ್ನಿ. 16 ಆಂಪಿಯರ್ ಹೋಗುವಾಗ ಆ ಒಂದೇ ಚುಕ್ಕೆಯಲ್ಲಿ 13 ವ್ಯಾಟ್ ಬಿಸಿ, 32ರಲ್ಲಿ 51 ವ್ಯಾಟ್. ಬೆರಳುಗುರಿನಷ್ಟು ಜಾಗದಲ್ಲಿ ಅಷ್ಟು ಬಿಸಿ ಗಂಟೆಗಟ್ಟಲೆ ಇದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಬಹು-ಎಳೆ ವೈರ್ ಆದರೆ ತುದಿಗೆ ಲಗ್ ಒತ್ತಿಸಿ. ಸಾಕೆಟ್‌ನಿಂದ ಚಾರ್ಜ್ ಮಾಡುವುದಾದರೆ ಒಳ್ಳೆಯ 16 ಆಂಪಿಯರ್ ಇಂಡಸ್ಟ್ರಿಯಲ್ ಸಾಕೆಟ್ ಹಾಕಿ. ಮಾಮೂಲಿ ಗೃಹಬಳಕೆಯ ಸಾಕೆಟ್‌ನಲ್ಲಿ ಗಂಟೆಗಟ್ಟಲೆ 10 ಆಂಪಿಯರ್ ದಾಟಬೇಡಿ. ಎಕ್ಸ್‌ಟೆನ್ಷನ್ ಬೋರ್ಡ್ ಮಾತೇ ಬೇಡ.

ಸೋಲಾರ್‌ನ ಡಿಸಿ ಕಡೆಗೂ ಎಸಿ ಕಡೆಗೂ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಇರಲಿ, ಚಾರ್ಜರ್ ತೆರೆದ ಜಾಗದಲ್ಲಿದ್ದರೆ ಧೂಳು-ನೀರು ತಡೆಯುವ ಅದರ ದರ್ಜೆ ಐಪಿ 54 ಅಥವಾ ಅದಕ್ಕಿಂತ ಮೇಲಿನದಾಗಿರಲಿ. ಮನೆಗೆ ಮಂಜೂರಾದ ಲೋಡ್ ಎಷ್ಟು ಎಂದೂ ನೋಡಿಕೊಳ್ಳಿ. ಗೀಸರ್ 2 ಕಿಲೋವ್ಯಾಟ್, ಏರ್ ಕಂಡಿಷನರ್ 1.5, ಕಾರು 7 ಒಟ್ಟಿಗೆ ಓಡಿದರೆ ಮೇನ್ ಬೀಳುತ್ತದೆ. ಮೇನ್‌ನ ಆಂಪಿಯರ್ ನೋಡಿಕೊಂಡು ತಾನೇ ಕಾರನ್ನು ತಗ್ಗಿಸುವ ಲೋಡ್ ಬ್ಯಾಲೆನ್ಸಿಂಗ್ ಹೆಚ್ಚಿನ ಸೋಲಾರ್ ಚಾರ್ಜರ್‌ಗಳಲ್ಲಿ ಇರುತ್ತದೆ, ಅದಕ್ಕೂ ಅದೇ ಸಿಟಿ ಕ್ಲಾಂಪ್ ಸಾಕು.

ಸಿಟಿ ಕ್ಲಾಂಪ್ ಸರಿ ಕೂತಿದೆಯೇ?

"ಸೋಲಾರ್ ಮೋಡ್ ಕೆಲಸ ಮಾಡುತ್ತಿಲ್ಲ" ಎಂದಾಗ ಮೊದಲು ನೋಡಬೇಕಾದ್ದು ಇದನ್ನು. ಕ್ಲಾಂಪ್ ಕೂರಬೇಕಾದ್ದು ಮೀಟರ್ ದಾಟಿದ ಕೂಡಲೇ, ಸೋಲಾರ್ ಮತ್ತು ಮನೆ ಮತ್ತು ಚಾರ್ಜರ್ ಈ ಮೂರರ ಕವಲೂ ಒಡೆಯುವ ಮೊದಲು. ಫೇಸ್ ತಂತಿಯೊಂದನ್ನೇ ಅದು ಸುತ್ತಬೇಕು. ಫೇಸ್, ನ್ಯೂಟ್ರಲ್ ಎರಡೂ ಒಳಗೆ ಹೋದರೆ ಯಾವಾಗಲೂ ಸೊನ್ನೆ ತೋರಿಸುತ್ತದೆ. ಮೈಮೇಲಿನ ಬಾಣದ ದಿಕ್ಕು ತಯಾರಕರು ಹೇಳಿದ ಕಡೆಗಿರಬೇಕು.

ಪರೀಕ್ಷೆ ಸುಲಭ. ಸೂರ್ಯ ಮುಳುಗಿದ ಮೇಲೆ ಕಾರು ಬಿಚ್ಚಿಟ್ಟು ಗೀಸರ್ ಹಾಕಿ: ಆ್ಯಪ್‌ನಲ್ಲಿ ಗ್ರಿಡ್‌ನಿಂದ 2 ಕಿಲೋವ್ಯಾಟ್ ಒಳಬರುತ್ತಿದೆ ಎಂದು ಕಾಣಬೇಕು. ಹೊರಹೋಗುತ್ತಿದೆ ಎಂದು ಕಂಡರೆ ಕ್ಲಾಂಪ್ ತಿರುಗುಮುರುಗಾಗಿದೆ, ತಿರುಗಿಸಿ ಹಾಕಿಸಿ. ಹೀಗೆ ತಿರುವಿದ್ದರೆ ರಾತ್ರಿಯಿಡೀ "ಸೋಲಾರ್ ಉಳಿಕೆ ಇದೆ" ಎಂದು ತಿಳಿದು ಚಾರ್ಜರ್ ಗ್ರಿಡ್‌ನಿಂದ ಪೂರ್ತಿ ವೇಗದಲ್ಲಿ ತುಂಬಿಸುತ್ತದೆ. ಮರುದಿನ ಮಧ್ಯಾಹ್ನ ದೊಡ್ಡ ಲೋಡ್ ಎಲ್ಲ ಆಫ್ ಮಾಡಿ ನೋಡಿ, ಆ್ಯಪ್ ತೋರಿಸುವ ಹೊರಹರಿವು ಕಂಪನಿ ಮೀಟರ್ ತೋರಿಸುವುದಕ್ಕೆ ಹೆಚ್ಚುಕಡಿಮೆ ಹೊಂದಬೇಕು.

ತ್ರೀ ಫೇಸ್ ಮನೆಯಲ್ಲಿ ಮೂರು ಕ್ಲಾಂಪ್, ಪ್ರತಿಯೊಂದೂ ಅದದೇ ಫೇಸ್‌ನ ವೋಲ್ಟೇಜ್ ತಂತಿಗೆ ಜೋಡಿಯಾಗಿರಬೇಕು. 6 ಕಿಲೋವ್ಯಾಟ್‌ನ ತ್ರೀ ಫೇಸ್ ಇನ್ವರ್ಟರ್ ಪ್ರತಿ ಫೇಸ್‌ಗೆ 2 ಕೊಡುತ್ತದೆ, ಸಿಂಗಲ್ ಫೇಸ್ ಕಾರು ಒಂದರಿಂದಲೇ 3.68 ಎಳೆಯುತ್ತದೆ. ಮೂರೂ ಫೇಸ್ ಕೂಡಿಸಿ ಕಳೆಯುವ ಮೀಟರ್ ಆದರೆ ಚಿಂತೆಯಿಲ್ಲ. ಒಂದೊಂದು ಫೇಸನ್ನೂ ಪ್ರತ್ಯೇಕ ಲೆಕ್ಕ ಹಾಕುವ ಮೀಟರ್ ಆದರೆ ಎರಡು ಫೇಸ್‌ನಲ್ಲಿ ಅಗ್ಗಕ್ಕೆ ಮಾರಿ ಮೂರನೆಯದರಲ್ಲಿ ದುಬಾರಿಗೆ ಕೊಂಡಂತಾಗುತ್ತದೆ. ಮೀಟರ್ ಯಾವ ಬಗೆಯದು ಎಂದು ಕಂಪನಿಯಲ್ಲಿ ಕೇಳಿ.

ಸೆಟ್ಟಿಂಗ್

ತಯಾರಕರು ಇಟ್ಟುಕೊಟ್ಟ ಅಂಕಿಗಳು ಹೆಚ್ಚಾಗಿ ಅವಸರದವು. ಮೋಡ ಬಂದಂತೆಲ್ಲ ನಿಂತು, ಹೋದಂತೆಲ್ಲ ಶುರುವಾದರೆ ಕರೆಂಟ್ ಜೋಡಿಸಿ ಬಿಡಿಸುವ ಒಳಗಿನ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಸವೆಯುತ್ತದೆ. ಕೆಲವು ಕಾರುಗಳು ಹತ್ತಾರು ಸಲ ಹೀಗಾದ ಮೇಲೆ ಚಾರ್ಜಿಂಗ್ ದೋಷ ಎಂದು ಮುನಿಸಿಕೊಂಡು ಕೂರುತ್ತವೆ. ಸಿಂಗಲ್ ಫೇಸ್‌ಗೆ ಇಲ್ಲಿಂದ ಶುರುಮಾಡಿ: ಉಳಿಕೆ 1.5 ಕಿಲೋವ್ಯಾಟ್ ಮೇಲೆ 3 ನಿಮಿಷ ನಿಂತರೆ ಆರಂಭ. 6 ಆಂಪಿಯರ್‌ಗೆ ಇಳಿದ ಮೇಲೂ ಗ್ರಿಡ್‌ನಿಂದ 300 ವ್ಯಾಟ್‌ಗಿಂತ ಹೆಚ್ಚು ಬರುತ್ತಿದ್ದರೆ 8–10 ನಿಮಿಷ ಕಾದು ನಿಲುಗಡೆ. ಒಮ್ಮೆ ಶುರುವಾದರೆ ಕನಿಷ್ಠ 15 ನಿಮಿಷ ಓಟ. ಈ ಸಡಿಲಿಕೆಯಿಂದ ಗ್ರಿಡ್‌ನಿಂದ ಬರುವುದು ಪ್ರತಿ ನಿಲುಗಡೆಗೆ ಸಾಮಾನ್ಯವಾಗಿ 0.2 ಯೂನಿಟ್ ಆಸುಪಾಸು, ಹೆಚ್ಚೆಂದರೆ 0.35. ಅಷ್ಟಕ್ಕೆ ಲೋಭ ಮಾಡಿದರೆ ಕಾಂಟ್ಯಾಕ್ಟರ್‌ನ ಬೆಲೆ ಕೊಡಬೇಕಾಗುತ್ತದೆ.

ಅಪ್ಪಟ ಸೋಲಾರ್ ಮಾತ್ರ ಎಂಬ ಹಟಕ್ಕಿಂತ "ಕನಿಷ್ಠ 6 ಆಂಪಿಯರ್ ಸದಾ, ಮೇಲಿನದು ಸೋಲಾರ್ ಇದ್ದಷ್ಟು" ಎಂಬ ಮೋಡ್ ಮೋಡದ ತಿಂಗಳುಗಳಲ್ಲಿ ವಾಸಿ. ಆದರೆ 6 ಆಂಪಿಯರ್‌ನಲ್ಲಿ ಪೋಲು ಹೆಚ್ಚು ಎಂಬುದು ನೆನಪಿರಲಿ. ಚಾರ್ಜ್ ಆಗುವಾಗ ಕಾರಿನ ಕಂಪ್ಯೂಟರ್, ಪಂಪ್ ಎಲ್ಲ ಎಚ್ಚರವಿದ್ದು 200–300 ವ್ಯಾಟ್ ತಿನ್ನುತ್ತವೆ. 16 ಆಂಪಿಯರ್‌ನಲ್ಲಿ ಅದು ಗಣನೆಗೆ ಬಾರದು. 6 ಆಂಪಿಯರ್‌ನಲ್ಲಿ 1380ರಲ್ಲಿ 250 ಹೋದರೆ 18%, ಪರಿವರ್ತನೆಯ ನಷ್ಟ ಸೇರಿ ಒಟ್ಟು ಕಾಲು ಭಾಗದ ತನಕ ಪೋಲು. ಆದ್ದರಿಂದ ದಿನವಿಡೀ 6ರಲ್ಲಿ ಎಳೆಯುವುದಕ್ಕಿಂತ ಮಧ್ಯಾಹ್ನ 10–12 ಆಂಪಿಯರ್‌ನಲ್ಲಿ ಎರಡು-ಮೂರು ಗಂಟೆ ಓಡಿಸುವುದು ಲಾಭ. ನಿಧಾನ ಚಾರ್ಜಿಂಗ್‌ನಿಂದ ಬ್ಯಾಟರಿಗೇನೂ ಹಾನಿಯಿಲ್ಲ, ಪೋಲಾಗುವುದು ಕರೆಂಟ್ ಮಾತ್ರ.

ಟೈಮರ್ ಒಂದೇ ಕಡೆ ಇರಲಿ. ಕಾರಿನಲ್ಲಿ ರಾತ್ರಿ 11 ಎಂದಿಟ್ಟು ಚಾರ್ಜರ್‌ನಲ್ಲಿ ಹಗಲು ಎಂದಿಟ್ಟರೆ ಎರಡೂ ಕಾಯುತ್ತ ಕೂರುತ್ತವೆ, ಬೆಳಗ್ಗೆ ಕಾರು ಖಾಲಿ. ಚಾರ್ಜರ್ ಗಂಟೆಗಟ್ಟಲೆ ತಡೆದರೆ ಕೆಲವು ಕಾರುಗಳು ಗಾಢ ನಿದ್ದೆಗೆ ಜಾರಿ ಮತ್ತೆ ಏಳುವುದಿಲ್ಲ. ಸಂಜೆ ಕೇಬಲ್ ಸಿಗಿಸುವ ಬದಲು ಬೆಳಗ್ಗೆ ಸಿಗಿಸಿ ನೋಡಿ, ಅಥವಾ ಚಾರ್ಜರ್‌ನಲ್ಲಿ ಕಾರನ್ನು ಎಬ್ಬಿಸುವ ಆಯ್ಕೆ ಇದ್ದರೆ ಆನ್ ಮಾಡಿ. ದಿನದ ಮಿತಿ 80% ಇಡುವುದು ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಬಗೆಯ ಬ್ಯಾಟರಿಗೆ ಒಳ್ಳೆಯದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯನ್ನು ಆಗಾಗ 100% ಮುಟ್ಟಿಸಬೇಕೆಂದು ತಯಾರಕರೇ ಹೇಳುತ್ತಾರೆ, ಇಲ್ಲದಿದ್ದರೆ ಉಳಿದ ಚಾರ್ಜ್‌ನ ಅಂದಾಜು ತಪ್ಪುತ್ತದೆ.

ಮನೆಯಲ್ಲೂ ಬ್ಯಾಟರಿ ಇದ್ದರೆ

ಆಗ ಒಂದೇ ಉಳಿಕೆಗೆ ಇಬ್ಬರು ಕಾದಾಡುತ್ತಾರೆ. ಹೈಬ್ರಿಡ್ ಇನ್ವರ್ಟರ್ ಉಳಿಕೆಯನ್ನೆಲ್ಲ ಮನೆಯ ಬ್ಯಾಟರಿಗೆ ಎಳೆದುಕೊಂಡು ಗ್ರಿಡ್ ಕಡೆ ಸೊನ್ನೆ ತೋರಿಸುತ್ತದೆ. ಉಳಿಕೆಯೇ ಇಲ್ಲ ಎಂದು ಚಾರ್ಜರ್ ಸುಮ್ಮನಿರುತ್ತದೆ. ಇದಕ್ಕಿಂತ ಕೆಟ್ಟದ್ದು ಸಂಜೆಯದು: ಕಾರು ಚಾರ್ಜ್ ಆಗತೊಡಗಿದರೆ ಇನ್ವರ್ಟರ್ ಅದನ್ನು ಮನೆಯ ಲೋಡ್ ಎಂದು ತಿಳಿದು ಬ್ಯಾಟರಿ ಬರಿದು ಮಾಡಿ ಕಾರಿಗೆ ಸುರಿಯುತ್ತದೆ. 5 ಯೂನಿಟ್‌ನ ಮನೆ ಬ್ಯಾಟರಿ ಪೂರ್ತಿ ಖಾಲಿಯಾದರೂ ಕಾರಿಗೆ ಸಿಗುವುದು 30 ಕಿ.ಮೀ.ಗೂ ಕಡಿಮೆ. ಬ್ಯಾಟರಿಯಿಂದ ಬ್ಯಾಟರಿಗೆ ತುಂಬಿಸುವಾಗ 10–15% ಹೆಚ್ಚುವರಿ ನಷ್ಟ ಬೇರೆ.

ಕಾರು ಚಾರ್ಜ್ ಆಗುವಾಗ ಮನೆ ಬ್ಯಾಟರಿ ಹೊರಸುರಿಯದಂತೆ ತಡೆಯುವ ಸೆಟ್ಟಿಂಗ್ ಇನ್ವರ್ಟರ್‌ನಲ್ಲಿ ಇದ್ದರೆ ಅದೇ ಮೊದಲ ಮದ್ದು. ಆಮೇಲೆ ಸರದಿ ನಿರ್ಧರಿಸಿ. ಬೆಳಗ್ಗೆ ಹೊಸ್ತಿಲಿಗಿಂತ ಕೆಳಗಿರುವ ಸಣ್ಣ ಉಳಿಕೆ ಮನೆ ಬ್ಯಾಟರಿಗೆ, 11ರ ಮೇಲಿನ ದೊಡ್ಡದು ಕಾರಿಗೆ, 3ರ ಮೇಲಿನದು ಮತ್ತೆ ಬ್ಯಾಟರಿಗೆ. ಕಾರಿಗೆ ಬೇಡವಾದ ಹೊತ್ತನ್ನು ಬ್ಯಾಟರಿ ಬಳಸಿಕೊಳ್ಳುವ ಈ ಹಂಚಿಕೆ ನಮಗೆ ಸರಿ ಕಂಡದ್ದು. ಎರಡನ್ನೂ ಒಬ್ಬನೇ ನಿಯಂತ್ರಿಸುವ ಸಾಫ್ಟ್‌ವೇರ್ ಇದ್ದರೆ ಜಗಳವೇ ಇಲ್ಲ.

ಕರೆಂಟ್ ಹೋದಾಗ, ಮತ್ತೆ ಕೆಲವು ತಕರಾರು

ಮಾಮೂಲಿ ಗ್ರಿಡ್-ಟೈ ಇನ್ವರ್ಟರ್ ಕರೆಂಟ್ ಹೋದ 2 ಸೆಕೆಂಡಿನೊಳಗೆ ತಾನೂ ನಿಲ್ಲಬೇಕು. ಲೈನ್ ರಿಪೇರಿ ಮಾಡುವವರ ಪ್ರಾಣದ ಪ್ರಶ್ನೆ ಅದು. ಆದ್ದರಿಂದ ನೆತ್ತಿ ಮೇಲೆ ಬಿಸಿಲಿದ್ದರೂ ಕಾರು ಚಾರ್ಜ್ ಆಗುವುದಿಲ್ಲ. ಬ್ಯಾಕಪ್ ಇರುವ ಹೈಬ್ರಿಡ್ ಇನ್ವರ್ಟರ್ ಆದರೆ ಆಗಬಹುದು, ಆದರೆ 6 ಆಂಪಿಯರ್‌ಗೆ ಇಳಿಸಿ. 5 ಕಿಲೋವ್ಯಾಟ್ ಬ್ಯಾಕಪ್‌ನಲ್ಲಿ ಕಾರು 3.3 ಎಳೆಯುತ್ತಿರುವಾಗ ಒಂದು ಎಚ್‌ಪಿ ನೀರಿನ ಮೋಟರ್ ಶುರುವಾದರೆ, ಅದು ಆ ಕ್ಷಣಕ್ಕೆ ಐದಾರು ಪಟ್ಟು ಎಳೆದು ಇನ್ವರ್ಟರನ್ನೇ ಬೀಳಿಸುತ್ತದೆ. ಬ್ಯಾಕಪ್‌ನಲ್ಲಿ ಮಾತ್ರ ಚಾರ್ಜರ್ "ಅರ್ತ್ ದೋಷ" ಎನ್ನುತ್ತಿದ್ದರೆ, ಗ್ರಿಡ್‌ನಿಂದ ಬೇರೆಯಾದಾಗ ಇನ್ವರ್ಟರ್‌ನ ನ್ಯೂಟ್ರಲ್ ಅರ್ತ್‌ಗೆ ಸೇರಿಲ್ಲ ಎಂದರ್ಥ. ಆ ಜೋಡಣೆ ಇನ್ವರ್ಟರ್‌ನ ರಿಲೇ ಮೂಲಕವೇ, ಬ್ಯಾಕಪ್ ಹೊತ್ತಿನಲ್ಲಿ ಮಾತ್ರ ಆಗಬೇಕು. ಅಳವಡಿಸಿದವರನ್ನು ಕರೆಸಿ.

ಬಿಸಿಲು ಚೆನ್ನಾಗಿದ್ದಾಗಲೇ ಇನ್ವರ್ಟರ್ ಪದೇ ಪದೇ ಆಫ್ ಆಗುತ್ತಿದ್ದರೆ ಲೈನ್ ವೋಲ್ಟೇಜ್ ನೋಡಿ. ಬಹಳಷ್ಟು ಇನ್ವರ್ಟರ್‌ಗಳು 253 ವೋಲ್ಟ್ ಮೀರಿದರೆ ಬೀಳುತ್ತವೆ. ಬೀದಿಯವರೆಲ್ಲ ಒಟ್ಟಿಗೆ ಸೋಲಾರ್ ಹೊರಗೆ ತಳ್ಳುವಾಗ ಹೀಗಾಗುತ್ತದೆ. ಆ ಹೊತ್ತಿಗೆ ಕಾರು ಸಿಗಿಸಿದರೆ ಹೊರಹರಿವು ಇಳಿದು ವೋಲ್ಟೇಜೂ ತಗ್ಗುತ್ತದೆ, ಕಾರು ಇಲ್ಲಿ ಇನ್ವರ್ಟರ್‌ಗೆ ಉಪಕಾರವನ್ನೇ ಮಾಡುತ್ತದೆ. ಕಾರಿಲ್ಲದ ದಿನಗಳಲ್ಲೂ ಮುಂದುವರಿದರೆ ಕಂಪನಿಗೆ ದೂರು ಕೊಟ್ಟು ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಹೊಂದಿಸುವ ಟ್ಯಾಪ್ ಇಳಿಸುವಂತೆ ಕೇಳಬೇಕು.

ಚಾರ್ಜರ್ ಆಗಾಗ ಸಂಪರ್ಕ ಕಳೆದುಕೊಂಡು ಪೂರ್ತಿ ವೇಗಕ್ಕೆ ಹೋಗುತ್ತದೆ ಎಂದರೆ ಗ್ಯಾರೇಜಿಗೆ ವೈ-ಫೈ ತಲುಪುತ್ತಿಲ್ಲ. ಹೊಸ ಲೈನ್ ಎಳೆಸುವಾಗಲೇ ಪಕ್ಕದ ಪ್ರತ್ಯೇಕ ಪೈಪಿನಲ್ಲಿ ಒಂದು ಲ್ಯಾನ್ ಕೇಬಲ್ ಹಾಕಿಸಿಬಿಡಿ. ಜೊತೆಗೆ ಸಂಪರ್ಕ ತಪ್ಪಿದಾಗ ಎಷ್ಟು ಆಂಪಿಯರ್ ಎಂಬ ಸೆಟ್ಟಿಂಗನ್ನು 6ಕ್ಕೆ ಇಳಿಸಿ.

ಮೊದಲ ದಿನ ಪೂರ್ತಿ ಆಂಪಿಯರ್‌ನಲ್ಲಿ ಒಂದು ಗಂಟೆ ಓಡಿಸಿ ಎಂಸಿಬಿ, ಸಾಕೆಟ್, ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಟ್ಟಿರಲಾಗದಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್ ಬರುವ ತನಕ ಬಳಸಬೇಡಿ. ತಾಮ್ರ ಬಿಸಿಯಾಗಿ ತಣ್ಣಗಾಗಿ ಸ್ಕ್ರೂ ಸಡಿಲವಾಗುತ್ತದೆ, ಹಾಗಾಗಿ ಒಂದು ತಿಂಗಳಾದ ಮೇಲೆ ಮೇನ್ ಆಫ್ ಮಾಡಿಸಿ ಎಲ್ಲ ಕೀಲುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಆರು ತಿಂಗಳಿಗೊಮ್ಮೆಯಾದರೂ ಒತ್ತಿ. ಒತ್ತಿದ ಕೂಡಲೇ ಬೀಳದಿದ್ದರೆ ಅದನ್ನು ಬದಲಿಸಬೇಕು.